ಮೆಡಿಕಲ್ ಕೌಂಟರಿನ ತಜ್ಞರಿಗೊಂದು ಬಹಿರಂಗ ಪತ್ರ

ಮಾನ್ಯ ತಜ್ಞರೇ,

ಬಿ.ಸಿ.ರೋಡಿನ ಫ್ಲೈಓವರಿನ ಆಚೀಚೆ, ಮೆಡಿಕಲ್ ಶಾಪಿನ ಗಾಜಿನ ಕೌಂಟರಿಗೆ ಮೊಣಕೈ ಊರಿ ನಿಲ್ಲುವ ನಿಮ್ಮೆಲ್ಲರಿಗೂ ನಮಸ್ಕಾರ. ರಿಕ್ಷಾ ಪಾರ್ಕಿನ ಅಣ್ಣಂದಿರು, ಹೋಟೆಲಿನ ಮೂಲೆ ಟೇಬಲಿನ ಮಾವಂದಿರು, ಮದುವೆ ಹಾಲಿನಲ್ಲಿ ಪಕ್ಕದ ಕುರ್ಚಿ ಹಿಡಿಯುವ ಅಕ್ಕಂದಿರು ಕೂಡ ಈ ಪತ್ರ ತಮಗೇ ಬರೆದದ್ದೆಂದು ತಿಳಿಯಬೇಕು. ಡಿಗ್ರಿ ಇದ್ದವರು ಎಂಆರ್‌ಐ ನೋಡಿ, ಬಯಾಪ್ಸಿ ವರದಿಗೆ ಕಾದು, ಮತ್ತೂ ಅಳೆದು ತೂಗಿ ಹೇಳುವುದನ್ನು ನೀವು ರೋಗಿ ಪೂರ್ತಿ ಬಾಯಿ ತೆರೆಯುವ ಮೊದಲೇ ಹೇಳಿ ಮುಗಿಸುತ್ತೀರಿ: "ಗ್ಯಾಸ್ ಮಾರಾಯ್ರೆ, ಬೇರೆ ಎಂತದೂ ಅಲ್ಲ."

ಅದು ಹೆಚ್ಚಿನ ಸಲ ನಿಜವೂ ಆಗುತ್ತದೆ. ತಲೆನೋವೆಂದು ಬಂದವರಲ್ಲಿ ಬಹುಪಾಲು ಜನರಿಗೆ ಮೈಗ್ರೇನೋ, ನಿದ್ದೆಗೇಡೋ, ಮನೆಸಾಲದ ಚಿಂತೆಯೋ ಇರುವುದು. ನೀವು ಒಂದು ಮಾತ್ರೆ ಹೇಳುತ್ತೀರಿ, ನೋವು ತನ್ನಷ್ಟಕ್ಕೆ ಹೋಗುತ್ತದೆ, ಹೆಸರು ನಿಮಗೆ ಬರುತ್ತದೆ. ಮೆದುಳಿನ ಗಡ್ಡೆ ಅಪರೂಪದ ಕಾಯಿಲೆ. ಹಾಗಾಗಿ ನಿಮ್ಮಂಥ ಯಶಸ್ವಿ ವೈದ್ಯರು ಈ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ನಿಮ್ಮ ಲೆಕ್ಕ ತಪ್ಪಿದವರು ಮಾತ್ರ ಪುನಃ ನಿಮ್ಮ ಕೌಂಟರಿಗೆ ಬರುವುದಿಲ್ಲವಾದ್ದರಿಂದ ದೂರು ದಾಖಲಾಗುವ ಸಂಭವವೂ ಕಡಿಮೆ.

ಬೆಳಿಗ್ಗೆ ಎದ್ದಾಗಲೇ ತಲೆ ಒಡೆದುಹೋಗುವಂಥ ನೋವು, ಕೆಮ್ಮಿದರೆ ಬಗ್ಗಿದರೆ ಜಾಸ್ತಿ, ಅದರ ಜೊತೆ ವಾಂತಿ ಎಂದು ಒಬ್ಬ ಹೇಳಿದರೆ ನೀವು "ಪಿತ್ತ" ಎನ್ನುತ್ತೀರಿ. ಪಾಪ, ವಾಂತಿ ಆದ ಮೇಲೆ ಪಿತ್ತವಲ್ಲದೆ ಇನ್ನೇನು? ತಲೆಬುರುಡೆ ಹಿಗ್ಗದ ಪೆಟ್ಟಿಗೆ, ಒಳಗೆ ಏನೇ ಬೆಳೆದರೂ ಒತ್ತಡ ಏರಲೇಬೇಕು, ರಾತ್ರಿಯಿಡೀ ಮಲಗಿದ್ದಾಗ ಅದು ಇನ್ನಷ್ಟು ಏರುತ್ತದೆ ಎಂಬುದೆಲ್ಲ ಪುಸ್ತಕದ ಬದನೆಕಾಯಿ. ಕಣ್ಣು ಮಂಜಾದರೆ ಕನ್ನಡಕದ ಅಂಗಡಿ ತೋರಿಸುತ್ತೀರಿ. ಕಣ್ಣಿನ ಡಾಕ್ಟರಾದರೆ ಹನಿ ಬಿಟ್ಟು, ಬೆಳಕು ಹಾಯಿಸಿ, ಕಣ್ಣಿನ ಹಿಂದಿನ ನರ ಊದಿಕೊಂಡಿದೆಯೇ ಎಂದು ನೋಡುತ್ತಿದ್ದರು. ತಲೆಯೊಳಗಿನ ಒತ್ತಡದ ಸುಳಿವು ಅಲ್ಲೇ ಸಿಗುತ್ತಿತ್ತು. ನಲವತ್ತು ದಾಟಿದವನಿಗೆ ಜೀವನದಲ್ಲಿ ಮೊದಲ ಸಲ ಅಪಸ್ಮಾರ ಬಂದರೆ ಕೈಗೆ ಕಬ್ಬಿಣ ಕೊಡುತ್ತೀರಿ. ಮೃದು ಸ್ವಭಾವದವನು ಇದ್ದಕ್ಕಿದ್ದ ಹಾಗೆ ಸಿಡುಕನಾದರೆ "ಹೆಂಡತಿ ಕಾಟ" ಎನ್ನುತ್ತೀರಿ. ಮೆದುಳಿನ ಮುಂಭಾಗದ ಗಡ್ಡೆ ಸ್ವಭಾವವನ್ನೇ ಬದಲಿಸಬಹುದು ಎಂದರೆ ಆ ಹೆಂಡತಿಯ ಹೊರತು ಯಾರು ನಂಬುತ್ತಾರೆ?

ಇನ್ನು ಬೆನ್ನುನೋವು. ಇಲ್ಲಿ ನಿಮಗೊಂದು ಬಲವಾದ ಸಾಕ್ಷಿ ಉಂಟು: ಹೆದ್ದಾರಿ. ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿ ಎಷ್ಟೋ ಮಳೆಗಾಲ ಕಂಡಿತು. ಕಲ್ಲಡ್ಕದ ಹೊಂಡಗಳಲ್ಲಿ ಕುಲುಕಿಸಿಕೊಂಡವನ ಬೆನ್ನು ನೋಯದೆ ಇನ್ಯಾರ ಬೆನ್ನು ನೋಯಬೇಕು? ಆದರೆ ಹೆದ್ದಾರಿಯ ನೋವಿಗೊಂದು ಸಭ್ಯತೆ ಉಂಟು, ಮಲಗಿದರೆ ಕಡಿಮೆಯಾಗುತ್ತದೆ. ಮಲಗಿದಾಗಲೇ ಜೋರಾಗಿ ನಡುರಾತ್ರಿ ಎಬ್ಬಿಸುವ ನೋವು, ಕಾರಿಂಜ ಬೆಟ್ಟದ ಮೆಟ್ಟಿಲು ಹತ್ತುವಾಗ ಕಾಲು ಎತ್ತಲಾಗದಿರುವುದು, ಚಪ್ಪಲಿ ಜಾರಿಹೋದದ್ದು ಗೊತ್ತೇ ಆಗದಿರುವುದು, ಮೂತ್ರ ಕಟ್ಟುವುದು, ಇವು ಯಾವುದೂ ಹೆದ್ದಾರಿ ಪ್ರಾಧಿಕಾರದ ವ್ಯಾಪ್ತಿಗೆ ಬರುವುದಿಲ್ಲ; ಬೆನ್ನುಹುರಿಯನ್ನು ಏನೋ ಅದುಮುತ್ತಿರಬಹುದು. ಅಂಥವನನ್ನು ನೀವು ಉಳುಕು ತೆಗೆಯುವವರ ಹತ್ತಿರ ಕಳುಹಿಸಿ, ಎಣ್ಣೆ ತಿಕ್ಕಿಸಿ, ಬೆನ್ನಿನ ಮೇಲೆ ಕಾಲಿಟ್ಟು ಮೆಟ್ಟಿಸುತ್ತೀರಿ. ನಿಮ್ಮ ಧೈರ್ಯ ದೊಡ್ಡದು. ಬೆನ್ನು ಮಾತ್ರ ನಿಮ್ಮದಲ್ಲ.

ಯಂತ್ರವಿಲ್ಲದೆ ರೋಗ ಹಿಡಿಯುವುದರಲ್ಲಿ ನಿಮ್ಮ ಪೂರ್ವಜರೆನ್ನಬಹುದಾದವರು ಲಂಡನ್ನಿನಲ್ಲಿದ್ದರು. ಭುಜದ ಎಲುಬಿನ ಕೆಳಗೆ ನೋವೆಂದು ಒಬ್ಬ ಸೇನಾಧಿಕಾರಿ ಮೂರು ವರ್ಷ ಒದ್ದಾಡಿದ. ನರದ ನೋವೆಂದೇ ಮದ್ದು ನಡೆಯಿತು, ಕೊನೆಗೆ ಕಾಲುಗಳ ಬಲವೇ ಹೋಯಿತು. ಎಕ್ಸ್‌ರೇ ಬರುವುದಕ್ಕೂ ಎಂಟು ವರ್ಷ ಮೊದಲಿನ ಕಥೆ ಇದು. ವಿಲಿಯಂ ಗೋವರ್ಸ್ ಎಂಬ ವೈದ್ಯರು ಮೈಯಲ್ಲಿ ಸ್ಪರ್ಶಜ್ಞಾನ ಎಲ್ಲಿ ನಿಲ್ಲುತ್ತದೆ ಎಂದು ಪರೀಕ್ಷಿಸಿಯೇ ಗಡ್ಡೆ ಇರುವ ಜಾಗ ಅಂದಾಜು ಮಾಡಿದರು. 1887ರ ಜೂನ್ 9ರಂದು ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಬೆನ್ನು ತೆರೆದರು. ಅಂದಾಜಿನ ಜಾಗದಲ್ಲಿ ಏನೂ ಕಾಣಲಿಲ್ಲ. ಮುಚ್ಚಿಬಿಡುವ ಬದಲು ಇನ್ನೂ ಸ್ವಲ್ಪ ಮೇಲಕ್ಕೆ ತೆರೆದಾಗ ಬಾದಾಮಿ ಆಕಾರದ ಗಡ್ಡೆ ಸಿಕ್ಕಿತು. ಒಂದು ವರ್ಷದ ಮೇಲೆ ಆ ಮನುಷ್ಯ ದಿನಕ್ಕೆ 16 ಗಂಟೆ ಕೆಲಸ ಮಾಡುತ್ತಿದ್ದ. ಗೋವರ್ಸ್ ಹತ್ತಿರವೂ ಸ್ಕ್ಯಾನ್ ಇರಲಿಲ್ಲ, ನಿಮ್ಮ ಹತ್ತಿರವೂ ಇಲ್ಲ. ಅವರು ರೋಗಿಯ ಮೈ ಮುಟ್ಟಿ ನೋಡಿದ್ದರು ಎಂಬಷ್ಟೇ ವ್ಯತ್ಯಾಸ.

ಕಡೆಗೂ ರೋಗಿ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡರೆ ನಿಮ್ಮ ಎರಡನೇ ಪಾಳಿ ಶುರು. "ಕತ್ತಿ ತಾಗಿದರೆ ಹರಡುತ್ತದೆ." "ತಲೆ ತೆರೆದವರು ಬದುಕಿದ್ದುಂಟಾ?" ಆಸ್ಪತ್ರೆಯಲ್ಲಿ ಊತ ಇಳಿಸಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ; ಒಂದೆರಡು ದಿನದಲ್ಲಿ ರೋಗಿ ಎದ್ದು ಕೂತು ಗಂಜಿ ಕೇಳುತ್ತಾನೆ. ಗಡ್ಡೆ ಇದ್ದಲ್ಲೇ ಇದೆ, ಸುತ್ತಲಿನ ಊತ ಮಾತ್ರ ಇಳಿದಿದೆ. ನೀವು ಹಣ್ಣಿನ ತೊಟ್ಟೆ ಹಿಡಿದು ನೋಡಲು ಬಂದವರು, "ಗುಣ ಆಯ್ತಲ್ಲ, ಇನ್ನೆಂತಕ್ಕೆ ಆಪರೇಷನ್?" ಎಂದು ಡಿಸ್ಚಾರ್ಜ್ ಬರೆಸಿಯೇ ಹೊರಡುತ್ತೀರಿ.

ಗಡ್ಡೆಯೆಂದರೆ ಎಲ್ಲವೂ ಒಂದೇ ಎಂಬುದು ನಿಮ್ಮ ಸಿದ್ಧಾಂತ. ಮೆದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಹೆಚ್ಚಾಗಿ ಕ್ಯಾನ್ಸರೇ ಅಲ್ಲ. ಪೂರ್ತಿ ತೆಗೆಯಲು ಸಾಧ್ಯವಾದರೆ ಎಷ್ಟೋ ಜನರಿಗೆ ಅಲ್ಲಿಗೇ ಮುಗಿಯಿತು. ಪಿಟ್ಯುಟರಿ ಗ್ರಂಥಿಯ ಗಡ್ಡೆಯನ್ನು ಬಹಳ ಸಲ ಮೂಗಿನ ಮೂಲಕವೇ ತೆಗೆಯುತ್ತಾರೆ. (ಇದನ್ನು ಹೋಟೆಲಿನಲ್ಲಿ ಹೇಳಿ ನೋಡಿ, ನಗೆ ನಿಲ್ಲುವುದಿಲ್ಲ.) ಬೆನ್ನುಹುರಿಯನ್ನು ಹೊರಗಿನಿಂದ ಅದುಮುವ ಗಡ್ಡೆಯನ್ನು ಕಾಲು ಪೂರ್ತಿ ಸೋಲುವ ಮೊದಲು ತೆಗೆದರೆ ನಡೆದಾಡುವ ಸಾಧ್ಯತೆ ಚೆನ್ನಾಗಿರುತ್ತದೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್ ಮಾತ್ರ ನಿಜವಾಗಿಯೂ ಕ್ರೂರಿ. ಆಪರೇಷನ್ ಮತ್ತು ರೇಡಿಯೇಷನ್ ಜೊತೆಗೆ ಟೆಮೊಜೊಲೊಮೈಡ್ ಎಂಬ ಮದ್ದನ್ನು ಸೇರಿಸಿ ನೋಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು ಬದುಕಿದ ಅವಧಿ ಸುಮಾರು 12 ತಿಂಗಳಿಂದ 14.6 ತಿಂಗಳಿಗೆ ಏರಿತು. ಎರಡು ವರ್ಷ ದಾಟಿದವರು ನೂರಕ್ಕೆ 10ರಿಂದ 26ಕ್ಕೆ ಏರಿದರು. ಸಣ್ಣ ಲಾಭ. ಅಂಥ ರೋಗಿಗಳ ಮನೆಯವರನ್ನು ಕೇಳಿ, ಸಣ್ಣದೋ ಎಂದು.

ಆಸ್ಪತ್ರೆ ದೂರ ಎಂದು ಹೇಳೋಣವೆಂದರೆ ನಾಚಿಕೆಯಾಗುತ್ತದೆ. ಜಿಲ್ಲೆಯಲ್ಲಿ ಎಂಟು ಮೆಡಿಕಲ್ ಕಾಲೇಜುಗಳಿವೆ. ವೆನ್ಲಾಕ್ ಆಸ್ಪತ್ರೆ 1848ರಿಂದ ಮಂಗಳೂರಿನಲ್ಲೇ ಉಂಟು. ಬಿ.ಸಿ.ರೋಡಿನಿಂದ ಅಲ್ಲಿಗೆ 25 ಕಿಲೋಮೀಟರ್ ಆಸುಪಾಸು. ಇನ್ನೂ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್. 2022ರಲ್ಲಿ ಅವರು ರಾಜ್ಯ ಸರಕಾರದ ಜೊತೆ ಸೇರಿ, ಊರಿನ ಸರಕಾರಿ ಡಾಕ್ಟರೇ ಮೆದುಳಿನ ಕಾಯಿಲೆಯ ಲಕ್ಷಣ ಗುರುತಿಸಬೇಕೆಂದು ತರಬೇತಿ ಕೊಡುವ ಯೋಜನೆ ಶುರು ಮಾಡಿದರು. ತರಬೇತಿಗೆ ನಿಮ್ಮನ್ನು ಕರೆಯಲಿಲ್ಲ ಎಂಬ ಅಸಮಾಧಾನ ನಿಮಗಿರಬಹುದು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಉಂಟು. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮಿನಿ ವಿಧಾನಸೌಧದಲ್ಲಿ ಯಾವ ಟೇಬಲಿಗೆ ಹೋದರೆ ಪಹಣಿ ತಿದ್ದುಪಡಿ ಬೇಗ ಆಗುತ್ತದೆ ಎಂದು ಬಲ್ಲ ನೀವು ಈ ಒಂದು ಚೀಟಿಯ ದಾರಿಯನ್ನೂ ತಿಳಿದಿಟ್ಟುಕೊಂಡರೆ ಉಪಕಾರವಾಗುತ್ತಿತ್ತು.

ಪೊಳಲಿ ದೇವಸ್ಥಾನಕ್ಕೆ ಹರಕೆ ಹೊರಿಸಿ, ನಾನು ಅಡ್ಡ ಬರುವುದಿಲ್ಲ. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವುದಿದ್ದರೂ ಇಡಿಸಿ. ಸ್ಕ್ಯಾನಿನ ದಿನ ಮಾತ್ರ ಅದಕ್ಕಾಗಿ ಮುಂದೆ ಹಾಕಿಸಬೇಡಿ. ಕೌಂಟರಿನಲ್ಲಿ ನಿಂತು ಹೇಳಲೇಬೇಕೆಂಬ ಚಪಲ ತಡೆಯದಿದ್ದರೆ ನಾಲ್ಕು ಪ್ರಶ್ನೆ ಕೇಳಿ: ನೋವು ಬೆಳಿಗ್ಗೆ ಜಾಸ್ತಿಯಾ? ದಿನದಿಂದ ದಿನಕ್ಕೆ ಏರುತ್ತಾ ಇದೆಯಾ? ಕಣ್ಣು ಮಂಜಾ? ಕೈಕಾಲು ಸೋಲುತ್ತದಾ? ಒಂದಕ್ಕಾದರೂ ಹೌದು ಎಂದರೆ ಮಾತ್ರೆಯ ಹೆಸರು ಹೇಳಬೇಡಿ. ಅದೇ ದಿನ ಡಾಕ್ಟರ ಹತ್ತಿರ ಕಳುಹಿಸಿ, ಆಗುವುದಿದ್ದರೆ ನೀವೂ ಜೊತೆಗೆ ಹೋಗಿ.

ಇತಿ,
ತಲೆನೋವಿನ ಬಗ್ಗೆ ನಿಮ್ಮೆದುರು ಬಾಯಿಬಿಡದ,
ಬಿ.ಸಿ.ರೋಡಿನ ಒಬ್ಬ ನಿವಾಸಿ