ಆ ಒಂದು ಮತ ಯಾರದು ಸ್ವಾಮಿ?

ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿ ಮುಚ್ಚಿತೇ ಹೊರತು ಅಗೆಯುವ ಚಾಳಿ ಊರು ಬಿಟ್ಟು ಹೋಗಲಿಲ್ಲ. ಅನುಮಾನವಿದ್ದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಹತ್ತಿ ನೋಡಿ. ಅಪ್ಪ, ತಾತಂದಿರು ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಬಂಡೆ ಒಡೆದರು. ಮಕ್ಕಳು, ಮೊಮ್ಮಕ್ಕಳು ಸೀಸನ್ ಪಾಸು ಜೇಬಿಗಿಟ್ಟುಕೊಂಡು, ನಿಂತ ಜಾಗದಲ್ಲೇ, ಐವತ್ತು ವರ್ಷ ಹಿಂದಿನ ಸ್ಕೋರ್‌ಕಾರ್ಡ್ ಒಡೆಯುತ್ತಾರೆ. ಕೂಲಿ ಇಲ್ಲ, ಬೋನಸ್ ಇಲ್ಲ, ಆದರೂ ಒಬ್ಬರೂ ರಜೆ ಹಾಕುವುದಿಲ್ಲ.

ಇವರು ನಿನ್ನೆಯ ಮ್ಯಾಚಿನ ಬಗ್ಗೆ ಮಾತಾಡುತ್ತಾರೆ ಅಂದುಕೊಂಡರೆ ನೀವು ಹೊಸಬರು ಎಂದೇ ಅರ್ಥ. ನಿನ್ನೆಯ ಮ್ಯಾಚಿನಲ್ಲಿ ಯಾರು ಗೆದ್ದರು ಎಂಬುದು ನಿನ್ನೆಯೇ ತೀರ್ಮಾನವಾಗಿದೆ. ಅದರಲ್ಲಿ ಜಗಳಕ್ಕೆ ಏನು ಉಳಿಯಿತು? ಎಂದೂ ಮುಗಿಯದ ಜಗಳ ಬೇಕಿದ್ದರೆ ಹಾಲ್ ಆಫ್ ಫೇಮ್‌ಗೇ ಬರಬೇಕು. ಯಾರು ಒಳಗೆ, ಯಾರು ಹೊರಗೆ, ಒಳಗೆ ಬಿಟ್ಟವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು? ಹೀಗೆ ಒಂದರ ಬಾಲ ಹಿಡಿದು ಇನ್ನೊಂದು.

2025ರ ಜೂನ್‌ನಲ್ಲಿ ಧೋನಿ ಐಸಿಸಿ ಹಾಲ್ ಆಫ್ ಫೇಮ್ ಸೇರಿದ ಸುದ್ದಿ ಬಂತು ನೋಡಿ, ಬಂಗಾರಪೇಟೆ ದಾಟುವಷ್ಟರಲ್ಲಿ ಬೋಗಿ ಎರಡು ಪಾಲಾಗಿತ್ತು. ಕೆಜಿಎಫ್‌ನ ಒಂದು ಕಿವಿ ಯಾವತ್ತೂ ಚೆನ್ನೈ ಕಡೆಗೇ. ಕೆಜಿಎಫ್‌ನಲ್ಲಿ ಹತ್ತುವ ಹುಡುಗರಿಗೆ ಅವರು ಧೋನಿಯಲ್ಲ, ‘ತಲ’. ಬಂಗಾರಪೇಟೆಯಲ್ಲಿ ಹತ್ತುವವರು ಹೆಚ್ಚುಕಮ್ಮಿ ಬೆಂಗಳೂರು ಪಾರ್ಟಿ. ಮಧ್ಯೆ ನಿಂತು ಎರಡೂ ಕಡೆ ಎಣ್ಣೆ ಸುರಿಯುವವರು ಬೆಮೆಲ್‌ನಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರನ್ನು ಎಲ್ಲರೂ ಕರೆಯುವುದು ಬೆಮೆಲಣ್ಣ ಎಂದೇ. ನಿವೃತ್ತರಿಗೆ ದಿನಾ ಬೆಂಗಳೂರಿನಲ್ಲಿ ಏನು ಕೆಲಸ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೆಲಸ ರೈಲಿನಲ್ಲೇ ಇದೆ ಎಂಬುದು ಎಲ್ಲರಿಗೂ ಗೊತ್ತು.

“ತಲ ಒಳಗೆ ಹೋಗಿದ್ದಕ್ಕೆ ನಮ್ಮದೇನೂ ತಕರಾರಿಲ್ಲಪ್ಪ. ವಿಶಿ ಹೊರಗಿದ್ದಾರಲ್ಲ, ತಕರಾರು ಅದಕ್ಕೆ,” ಎಂದು ಶುರು ಮಾಡಿದರು ಬಂಗಾರಪೇಟೆ ಮೇಷ್ಟ್ರು.

“ವಿಶಿ ಯಾರು ಸಾರ್?” ಅಂದ ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಹತ್ತಿದ ಹುಡುಗ.

ಬೋಗಿಯಲ್ಲಿ ಒಂದು ಕ್ಷಣ ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಆ ಹುಡುಗನಿಗೆ ಟೇಕಲ್ ತನಕ ಪಾಠವಾಯಿತು. ವಿಶಿ ಅಂದರೆ ಜಿ.ಆರ್. ವಿಶ್ವನಾಥ್, ಭದ್ರಾವತಿಯಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ಆ 14ರಲ್ಲಿ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. ಮೇಷ್ಟ್ರು ಈ ಕೊನೆಯ ವಾಕ್ಯವನ್ನು ಎರಡು ಸಲ ಹೇಳುತ್ತಾರೆ, ಎರಡನೇ ಸಲ ಎದ್ದು ನಿಂತು.

“ಸರಾಸರಿ ಎಷ್ಟು ಸಾರ್?”

“41.93.”

“ಐವತ್ತಿಲ್ವಾ?” ಅಂದ ಹುಡುಗ. ಮೇಷ್ಟ್ರು ಕಿಟಕಿ ಕಡೆ ತಿರುಗಿ ಕುಳಿತರು. ಮಾಲೂರಿನ ತನಕ ಮಾತಿಲ್ಲ.

ಅಷ್ಟರಲ್ಲಿ ಬೆಮೆಲಣ್ಣ ಪತ್ರಿಕೆಯ ಅಂಚಿನಲ್ಲಿ ಭಾಗಾಕಾರ ಹಾಕುತ್ತಿದ್ದರು. ಅನಿಲ್ ಕುಂಬ್ಳೆ 2015ರಲ್ಲೇ ಹಾಲ್ ಸೇರಿದರು. 619 ಟೆಸ್ಟ್ ವಿಕೆಟ್, ಅದಕ್ಕೆ ಎಸೆದ ಚೆಂಡು 40,850. ಬಿ.ಎಸ್. ಚಂದ್ರಶೇಖರ್ ಹೊರಗೇ ಇದ್ದಾರೆ. 242 ವಿಕೆಟ್, ಚೆಂಡು 15,963. ಒಂದು ವಿಕೆಟ್ಟಿಗೆ ಕುಂಬ್ಳೆಗೆ ಬೇಕಾದದ್ದು 65.99 ಚೆಂಡು, ಚಂದ್ರಗೆ 65.96. “ನಮ್ಮ ಚಂದ್ರನೇ ಮುಂದೆ!” ಅಂತ ಬೆಮೆಲಣ್ಣ ಕೂಗಿದ್ದಕ್ಕೆ ಮೇಲಿನ ಬರ್ತಿನಲ್ಲಿ ಮಲಗಿದ್ದವನು ಎದ್ದು ತಲೆ ಬಡಿಸಿಕೊಂಡ. ಎಷ್ಟು ಮುಂದೆ? ಒಂದು ಚೆಂಡಿನ ನೂರರಲ್ಲಿ ಮೂರು ಭಾಗ. ಅಷ್ಟು ಸಾಕು. ರೈಲಿನಲ್ಲಿ ಅದಕ್ಕಿಂತ ಸಣ್ಣ ಜಾಗಕ್ಕೆ ಜನ ಹೊಡೆದಾಡಿದ್ದಾರೆ. ಬಿಷನ್ ಬೇಡಿಯವರ ಲೆಕ್ಕ 80ರ ಮೇಲೆ ಬಂತು. ಅವರು 2009ರಲ್ಲಿ ಹಾಲ್ ತೆರೆದಾಗಿನಿಂದಲೂ ಒಳಗಿದ್ದಾರೆ. ಪ್ರಸನ್ನರದು 189 ವಿಕೆಟ್, ಅವರೂ ಹೊರಗೆ. ಜೊತೆಯಲ್ಲಿ ಬೌಲ್ ಮಾಡಿದ ಮೂವರಲ್ಲಿ ಒಬ್ಬರಿಗೆ ಸೋಫಾ, ಇಬ್ಬರಿಗೆ ಜಗುಲಿ. ಇದು ಯಾವ ಸೀಮೆಯ ನ್ಯಾಯ ಅಂತ ಕೇಳಿದರೆ ಉತ್ತರ ಕೊಡುವವರು ಸಿಗಬೇಕಲ್ಲ!

ಐಸಿಸಿಗೆ ಅವಸರವೂ ಇಲ್ಲ ಬಿಡಿ. ವಿನೂ ಮಂಕಡ್ ತೀರಿಕೊಂಡದ್ದು 1978ರಲ್ಲಿ, ಹಾಲ್ ಪ್ರವೇಶ 2021ರಲ್ಲಿ. ರೈಲ್ವೆಯವರು ಕೂಡ ಇಷ್ಟು ತಡವಾದರೆ ಒಂದು ಅನೌನ್ಸ್‌ಮೆಂಟ್ ಮಾಡುತ್ತಾರೆ. ಧೋನಿ ಸೇರಿದಾಗ ಭಾರತದವರ ಸಂಖ್ಯೆ 11 ಆಯಿತು. ಡಯಾನಾ ಎಡುಲ್ಜಿ, ನೀತು ಡೇವಿಡ್ ಇಬ್ಬರೂ ಸೇರಿಯೇ ಸರಿಯಾಗಿ ಒಂದು ಟೀಮು. ವಿಕೆಟ್ ಕೀಪರ್ ಒಬ್ಬನ ಕೊರತೆ ಇತ್ತು, ಅದಕ್ಕೇ ಧೋನಿಯನ್ನು ತೆಗೆದುಕೊಂಡರು ಎಂಬುದು ಬಂಗಾರಪೇಟೆ ವಾದ. ಈ ಮಾತು ಕೇಳಿದ ಮೇಲೆ ಕೆಜಿಎಫ್ ಹುಡುಗರು ಎರಡು ದಿನ ಬೇರೆ ಬೋಗಿ ಹತ್ತಿದರು.

ಮತ ಹಾಕುವವರು ಯಾರು ಎಂದಿರಾ? ಈಗಾಗಲೇ ಒಳಗಿರುವ ಆಟಗಾರರು, ಹಿರಿಯ ಅಧಿಕಾರಿಗಳು, ಮಾಧ್ಯಮದವರು. ಇಷ್ಟನ್ನು ಅವರೇ ಹೇಳುತ್ತಾರೆ. ಯಾರು ಯಾರಿಗೆ ಹಾಕಿದರು ಎಂಬುದು ಮಾತ್ರ ನಮ್ಮ ಬೋಗಿಯವರೆಗೆ ಬರುವುದಿಲ್ಲ. ಆದ್ದರಿಂದ ಊಹೆಯೇ ಗತಿ. ಸುನಿಲ್ ಗವಾಸ್ಕರ್ 2009ರಿಂದ ಒಳಗಿದ್ದಾರೆ. ಅವರ ತಂಗಿಯನ್ನು ಮದುವೆಯಾದವರು ವಿಶ್ವನಾಥ್. ಮಗನಿಗೆ ರೋಹನ್ ಜೈವಿಶ್ವ ಅಂತ ಹೆಸರಿಟ್ಟು ಅದರಲ್ಲಿ ವಿಶ್ವನಾಥರನ್ನೂ ಸೇರಿಸಿದವರು ಗವಾಸ್ಕರ್. “ಅಂದ್ರೆ ಒಂದು ಮತ ಮನೆಯಲ್ಲೇ ಇದೆ,” ಎಂದು ಬೆಮೆಲಣ್ಣ ಬೆರಳು ಮಡಚುತ್ತಾರೆ. “ಭಾವಮೈದನ ಮತ ನಂಬ್ಕೊಂಡು ಪಂಚಾಯ್ತಿ ಎಲೆಕ್ಷನ್ನಿಗೆ ನಿಂತು ನೋಡಣ್ಣ, ಗೊತ್ತಾಗುತ್ತೆ,” ಎಂದು ಮೂಲೆಯಿಂದ ಯಾರೋ ಅನ್ನುತ್ತಾರೆ. ಆ ದನಿಯಲ್ಲಿ ಸ್ವಂತ ಅನುಭವವಿತ್ತು.

ನನಗೆ ಅನ್ನಿಸುವುದು ಇಷ್ಟು. ನಮ್ಮವರಿಗೆ ವಿಶಿ ಒಳಗೆ ಹೋಗದ ದುಃಖಕ್ಕಿಂತ, ಹಾಗೆ ಮಾಡಿದವನ ಹೆಸರು ಗೊತ್ತಿಲ್ಲದ ದುಃಖ ದೊಡ್ಡದು. ಮುಖವಿಲ್ಲದ ಸಂಸ್ಥೆಯನ್ನು ಎಷ್ಟು ಹೊತ್ತು ಬೈಯಲು ಸಾಧ್ಯ? ಬೈಗುಳಕ್ಕೆ ಒಂದು ಹೆಸರು ಬೇಕು, ಸಾಧ್ಯವಾದರೆ ಇನಿಷಿಯಲ್ ಸಮೇತ.

ಈ ವಿಷಯದಲ್ಲಿ ಅಮೆರಿಕದವರು ಪುಣ್ಯವಂತರು. ಇದನ್ನು ಬೋಗಿಗೆ ತಿಳಿಸಿದವನು ವೈಟ್‌ಫೀಲ್ಡ್‌ನಲ್ಲಿ ಇಳಿಯುವ ಸಾಫ್ಟ್‌ವೇರ್ ಹುಡುಗ. ಅವನ ಕಂಪನಿಯ ಗಿರಾಕಿಗಳು ಅಮೆರಿಕದವರು. ಅವರೊಂದಿಗೆ ರಾತ್ರಿ ಮಾತಾಡುವಾಗ ಮೊದಲ ಐದು ನಿಮಿಷ ಬೇಸ್‌ಬಾಲ್ ಕೇಳಿಸಿಕೊಂಡೂ ಕೇಳಿಸಿಕೊಂಡೂ ಪಂಡಿತನಾಗಿದ್ದಾನೆ. ಅಲ್ಲಿನ ಹಾಲ್ ಇರುವುದು ಕೂಪರ್ಸ್‌ಟೌನ್ ಎಂಬ ಊರಿನಲ್ಲಿ. ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಪತ್ರಕರ್ತರು. ಒಂದು ಚೀಟಿಯಲ್ಲಿ ಹೆಚ್ಚೆಂದರೆ ಹತ್ತು ಹೆಸರು. ನೂರಕ್ಕೆ 75 ಮತ ಬಂದರೆ ಒಳಗೆ. ಐದೂ ಬಾರದಿದ್ದರೆ ಪಟ್ಟಿಯಿಂದಲೇ ಔಟು. ಹತ್ತು ವರ್ಷ ಕಾದರೂ ಆಗದಿದ್ದರೆ ಈ ಬಾಗಿಲು ಮುಚ್ಚಿದಂತೆ. ಅನೇಕರು ತಮ್ಮ ಚೀಟಿಯನ್ನು ತಾವೇ ಪ್ರಕಟಿಸುತ್ತಾರೆ, ಜನ ಹುಡುಕಿಕೊಂಡು ಹೋಗಿ ಬೈಯುತ್ತಾರೆ. ಎಲ್ಲ ಚೀಟಿಗಳನ್ನೂ ಬಹಿರಂಗ ಮಾಡೋಣ ಎಂದು 2016ರಲ್ಲಿ ಬರಹಗಾರರ ಸಂಘವೇ ಭಾರೀ ಬಹುಮತದಿಂದ ತೀರ್ಮಾನಿಸಿತು. ಹಾಲ್‌ನವರೇ ಒಪ್ಪಲಿಲ್ಲ.

“1936ರಲ್ಲಿ ಮೊದಲ ಸಲ ಮತ ಹಾಕಿದಾಗ ಬೇಬ್ ರೂತ್‌ಗೆ 226ರಲ್ಲಿ 215,” ಅಂದ ಹುಡುಗ. ಬೇಬ್ ರೂತ್ ಯಾರೆಂದು ಬೋಗಿಯಲ್ಲಿ ಯಾರಿಗೂ ಗೊತ್ತಿಲ್ಲ. “ಅಲ್ಲಿಯ ಬ್ರ್ಯಾಡ್ಮನ್ ಅಂದ್ಕೊಳಿ.”

“ಬ್ರ್ಯಾಡ್ಮನ್‌ಗೆ 11 ಜನ ಹಾಕಲಿಲ್ವಾ!” ಮೇಷ್ಟ್ರು ಕಿಟಕಿ ಬಿಟ್ಟು ಈ ಕಡೆ ತಿರುಗಿದರು. ಮುಖದಲ್ಲಿ ಕಳೆ ಬಂದಿತ್ತು. ತಮ್ಮ ನೋವಿಗೆ ದೊಡ್ಡ ಮನೆತನದಲ್ಲಿ ನೆಂಟರು ಸಿಕ್ಕಂತಾಗಿತ್ತು ಅವರಿಗೆ.

ಸರ್ವಾನುಮತದಿಂದ ಆಯ್ಕೆಯಾದ ಮೊದಲಿಗ ಮರಿಯಾನೊ ರಿವೇರಾ, 2019ರಲ್ಲಿ, 425ಕ್ಕೆ 425. ಮರುವರ್ಷವೇ ಡೆರೆಕ್ ಜೀಟರ್‌ಗೆ 397ರಲ್ಲಿ 396. ಆ ಒಬ್ಬ ಯಾರೆಂದು ಇಡೀ ಅಮೆರಿಕ ಹುಡುಕಿತು, ಸಿಗಲಿಲ್ಲ. 2025ರಲ್ಲಿ ಜಪಾನಿನ ಇಚಿರೊ ಸುಜುಕಿಗೆ 394ರಲ್ಲಿ 393. ಮತ್ತೆ ಒಬ್ಬ! ಇಚಿರೊ ದೊಡ್ಡ ಮನುಷ್ಯ. ಮತ ಹಾಕದ ಆ ಬರಹಗಾರರನ್ನು ಮನೆಗೆ ಕರೆದು ಕೂತು ಮಾತಾಡುವ ಆಸೆ ಅಂದರು. ಯಾರೂ ಬರಲಿಲ್ಲ. ಜುಲೈನಲ್ಲಿ ಪದವಿ ಸ್ವೀಕರಿಸುವ ವೇದಿಕೆಯಲ್ಲಿ ನಿಂತು, ಆ ಆಹ್ವಾನದ ಅವಧಿ ಮುಗಿಯಿತು ಎಂದು ನಗಿಸಿದರು.

ಇವೆಲ್ಲಕ್ಕಿಂತ ನಮ್ಮ ಬೋಗಿಗೆ ಹಿಡಿಸಿದ್ದು ಮಯಾಮಿಯ ಡ್ಯಾನ್ ಲೆ ಬಟಾರ್ಡ್ ಕಥೆ. ಅವರು ಮತದ ಹಕ್ಕಿದ್ದ ಪತ್ರಕರ್ತ. 2014ರ ಆಯ್ಕೆಯಲ್ಲಿ ತಮ್ಮ ಚೀಟಿಯನ್ನು ಒಂದು ಕ್ರೀಡಾ ಜಾಲತಾಣದ ಓದುಗರ ಕೈಗೆ ಕೊಟ್ಟು, ನೀವು ಆರಿಸಿದವರಿಗೇ ಹಾಕುತ್ತೇನೆ ಅಂದರು. ಹಾಗೇ ಹಾಕಿದರು. ಒಂದು ಪೈಸೆ ಮುಟ್ಟಲಿಲ್ಲ. ಸಂಘ ಅವರ ಮತದ ಹಕ್ಕನ್ನು ಜೀವಮಾನಕ್ಕೆ ಕಿತ್ತುಕೊಂಡಿತು. ತಮಾಷೆ ಏನೆಂದರೆ, ಓದುಗರು ಆರಿಸಿ ಕೊಟ್ಟ ಹತ್ತು ಹೆಸರು ಕೆಟ್ಟದಾಗೇನೂ ಇರಲಿಲ್ಲ.

“ಪೈಸೆ ಮುಟ್ಟದೆ ಮತ ಕೊಟ್ರೆ ಶಿಕ್ಷೆ!” ಬೆಮೆಲಣ್ಣ ಭುಜ ಕುಣಿಸಿ ನಕ್ಕರು. “ನಮ್ಮ ಕಡೆ ಇದೆಲ್ಲ ಉಲ್ಟಾನಪ್ಪ.”

ಮತವೇ ಇಲ್ಲದ ಹಾಲ್‌ಗಳೂ ಇವೆ. ಆರ್‌ಸಿಬಿಯವರು 2022ರಲ್ಲಿ ತಮ್ಮದೇ ಹಾಲ್ ಆಫ್ ಫೇಮ್ ತೆರೆದು ಎಬಿ ಡಿವಿಲಿಯರ್ಸ್, ಕ್ರಿಸ್ ಗೇಲ್ ಇಬ್ಬರನ್ನೂ ಕೂರಿಸಿದರು. 2023ರಲ್ಲಿ 17 ಮತ್ತು 333ನೇ ನಂಬರಿನ ಜೆರ್ಸಿಗಳಿಗೆ ಖಾಯಂ ರಜೆ ಕೊಟ್ಟರು. ಮರುವರ್ಷ ದಾವಣಗೆರೆಯ ವಿನಯ್ ಕುಮಾರ್. ಬಂಗಾರಪೇಟೆಯ ಪ್ರಶ್ನೆ: 2009ರ ಐಪಿಎಲ್ ಫೈನಲ್‌ನಲ್ಲಿ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತೂ 6 ರನ್ನಿನಿಂದ ಸೋತ ಕುಂಬ್ಳೆ ಮೊದಲ ಸಾಲಿನಲ್ಲಿ ಯಾಕಿಲ್ಲ? ಕೇಳುವುದಕ್ಕೆ ಚೆನ್ನಾಗಿದೆ. ಕೇಳಿದವರೇ ಗೇಲ್ ಸಿಕ್ಸರ್ ಹೊಡೆದಾಗ ಪಕ್ಕದವರ ಬೆನ್ನು ಮುರಿಯುವಂತೆ ಗುದ್ದಿದವರು.

ಅದಿರಲಿ, ನಮ್ಮ ಊರುಗಳನ್ನೇ ನೋಡಿ. ರಾಬರ್ಟ್‌ಸನ್‌ಪೇಟೆಯಲ್ಲಿ ನಿಂತು ರಾಬರ್ಟ್‌ಸನ್ ಯಾರೆಂದು ಕೇಳಿದರೆ ಆಟೋದವರು ಬಾಡಿಗೆ ಹೆಚ್ಚು ಹೇಳುತ್ತಾರೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ದೊರೆ ಆತ. ಬಂಗಾರಪೇಟೆಯೂ ಮೊದಲು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಹೆಸರು. ಈ ದೊರೆಗಳಿಗೆ 75 ಪರ್ಸೆಂಟ್ ಹಾಕಿದವರು ಯಾರು? ಊರಿನವರು ಬೌರಿಂಗರನ್ನು ಇಳಿಸಿದರು ನಿಜ, ರೈಲ್ವೆ ಒಪ್ಪಲಿಲ್ಲ. ಟಿಕೆಟ್ಟಿನ ಮೇಲೆ ಸ್ಟೇಷನ್ನಿನ ಕೋಡು ಇಂದಿಗೂ ಬಿಡಬ್ಲ್ಯುಟಿ. ಒಮ್ಮೆ ಹಾಲ್ ಸೇರಿದವರನ್ನು ಹೊರಹಾಕುವುದು ಎಷ್ಟು ಕಷ್ಟ ಎಂಬುದಕ್ಕೆ ಕೂಪರ್ಸ್‌ಟೌನ್‌ವರೆಗೆ ಹೋಗಬೇಕಾಗಿಲ್ಲ.

ಕೊನೆಗೆ ಬೋಗಿಯವರು ತೀರ್ಮಾನ ಮಾಡಿದರು: ಐಸಿಸಿ ಹಾಕದಿದ್ದರೆ ಹೋಗಲಿ, ನಾವೇ ಹಾಕೋಣ. ಮತದಾರರ ಅರ್ಹತೆ ಏನು? ಹತ್ತು ವರ್ಷ ಸೀಸನ್ ಪಾಸು ಎಂದರು ಬೆಮೆಲಣ್ಣ. ಹಾಗಾದರೆ ಅರ್ಧ ಜನ ಅನರ್ಹರು ಎಂದು ಗಲಾಟೆಯಾಗಿ, ಕೂರಲು ಸೀಟು ಸಿಕ್ಕವರೆಲ್ಲ ಮತದಾರರು ಎಂದಾಯಿತು. ನಿಂತವರು ಮಾಧ್ಯಮದವರು. ಒಂದೇ ಹೆಸರು: ಜಿ.ಆರ್. ವಿಶ್ವನಾಥ್. ಪತ್ರಿಕೆ ಹರಿದು 12 ಚೀಟಿ ಮಾಡಿದರು. ಕೋರಮಂಡಲ್ ಹುಡುಗನಿಗೂ ಒಂದು ಸಿಕ್ಕಿತು. ಪಾಪ, ಅಷ್ಟು ಹೊತ್ತಿಗೆ ಅವನಿಗೆ 14 ಶತಕಗಳೂ ಬಾಯಿಪಾಠ. ಮೇಷ್ಟ್ರ ಟಿಫಿನ್ ಡಬ್ಬಿಯ ಮುಚ್ಚಳವೇ ಪೆಟ್ಟಿಗೆ.

ಎಣಿಸಿದರೆ 11 ಹೌದು. ಒಂದು ಖಾಲಿ.

“ಯಾರ್ರೀ ಅದು?” ಎಂದು ಮೇಷ್ಟ್ರು ಎದ್ದರು. ಎಲ್ಲರೂ ಹುಡುಗನ ಕಡೆ ನೋಡಿದರು. ಅವನು ಅಮ್ಮನ ಮೇಲೆ ಆಣೆ ಹಾಕಿದ. ಸಾಫ್ಟ್‌ವೇರ್ ಹುಡುಗ ಅಕ್ಷರ ಹೋಲಿಸೋಣ ಅಂದ. ಖಾಲಿ ಚೀಟಿಯಲ್ಲಿ ಅಕ್ಷರ ಎಲ್ಲಿಂದ ಬರಬೇಕು? ದೇವನಗೊಂದಿ ದಾಟಿತು, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಮೇಷ್ಟ್ರು ಇಚಿರೊ ಆದರು. ಹಾಕದವರು ಯಾರೇ ಇರಲಿ, ಸಂಜೆ ಬಂಗಾರಪೇಟೆಯಲ್ಲಿ ಇಳಿದು ತಮ್ಮ ಜೊತೆ ಬರಲಿ, ಬೈಯುವುದಿಲ್ಲ, ಬಿಳಿ ನೀರಿನ ಪಾನಿಪುರಿ ಹೊಟ್ಟೆ ತುಂಬ ತಮ್ಮ ಲೆಕ್ಕದಲ್ಲಿ, ಕಾರಣ ಮಾತ್ರ ಹೇಳಬೇಕು ಅಂದರು.

ಮೂರು ಜನ ಕೈ ಎತ್ತಿದರು. ಅದರಲ್ಲಿ ಒಬ್ಬರು ಬೆಮೆಲಣ್ಣ. ಇನ್ನೊಬ್ಬ, ನಿಂತಿದ್ದವನು.