ಸದ್ದಿಲ್ಲದ ಸವಾಲು

ಮಕ್ಕಳ ಮ್ಯೂಸಿಯಮ್ಮಿಗೆ ದುಡ್ಡು ಎತ್ತಲು ನಾವು ವರ್ಷವಿಡೀ ಏನೇನೋ ನಡೆಸುತ್ತೇವೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಸಮಾರಂಭಕ್ಕೆ ಮಕ್ಕಳನ್ನು ಕರೆತರುವ ಹಾಗಿಲ್ಲ. ಆಹ್ವಾನ ಪತ್ರಿಕೆಯ ಕೆಳಗೆ ದಪ್ಪಕ್ಷರದಲ್ಲಿ ಹಾಕಿಸಿರುತ್ತೇವೆ: 21 ದಾಟಿದವರಿಗೆ ಮಾತ್ರ. ಆ ಸಾಲು ತೆಗೆದರೆ ಟಿಕೆಟ್ಟೇ ಖರ್ಚಾಗುವುದಿಲ್ಲ. ಅಪ್ಪ ಅಮ್ಮಂದಿರು ತಲೆಗೆ 150 ಡಾಲರ್ ಬಿಚ್ಚುವುದು ಮಕ್ಕಳ ಮೇಲಿನ ಪ್ರೀತಿಗೆ ಅಂತ ನಮ್ಮ ಕಮಿಟಿ ಬಹಳ ದಿನ ನಂಬಿಕೊಂಡಿತ್ತು. ಅವರು ದುಡ್ಡು ಕೊಡುವುದು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಲು ಸಿಕ್ಕ ಒಂದು ಪುಣ್ಯದ ನೆಪಕ್ಕೆ ಎಂಬುದು ಈಗ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಾನು ಮಂಡ್ಯದ ಕಡೆಯವಳು, ಈಗಿರುವುದು ಅಮೆರಿಕದ ಇಂಡಿಯಾನಾದ ಒಂದು ಸಣ್ಣ ಊರಲ್ಲಿ. ಹಳೆಯ ಸೋಫಾ ಅಂಗಡಿಯೊಂದನ್ನು ಖಾಲಿ ಮಾಡಿಸಿ ಅಲ್ಲಿ ಮ್ಯೂಸಿಯಂ ಮಾಡಿದ್ದಾರೆ. ನೀರಾಟದ ತೊಟ್ಟಿ, ಸೋಪಿನ ಗುಳ್ಳೆ ಬಿಡುವ ಯಂತ್ರ, ಸುಳ್ಳು ದಿನಸಿ ಅಂಗಡಿ, ಇಂಜಿನ್ನಿಲ್ಲದ ಅರ್ಧ ಫೈರ್ ಇಂಜಿನ್. ದಿನಸಿ ಅಂಗಡಿಯ ಪ್ಲಾಸ್ಟಿಕ್ ಬದನೆಕಾಯಿಯ ಮೇಲೆ ಈ ಊರಿನ ಒಂದು ತಲೆಮಾರಿನ ಹಾಲುಹಲ್ಲಿನ ಗುರುತುಗಳಿವೆ. ಸಂಜೆ ಬಾಗಿಲು ಹಾಕಿದ ಮೇಲೆ ಅದನ್ನು, ಅದರ ಜೊತೆಯ ಟೊಮೆಟೊ, ಜೋಳದ ತೆನೆಗಳನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದು ಜಾಲರಿಯ ಮೇಲೆ ಒಣಗಿಸುತ್ತೇವೆ. ಟಿಕೆಟ್ಟಿನ ದುಡ್ಡು ಕರೆಂಟಿಗೆ, ಸೋಪಿಗೆ ಸಾಲುತ್ತದೆ. ಸಂಬಳ, ಬಾಡಿಗೆ, ವಿಮೆಗೆ ಊರ ಮುಂದೆ ಕೈ ಒಡ್ಡಬೇಕು. ಅದಕ್ಕೇ ಈ ಕಮಿಟಿ.

ನಮ್ಮ ಗ್ರಹಚಾರಕ್ಕೆ ಹೆದ್ದಾರಿಯಲ್ಲಿ ಒಂದು ಗಂಟೆ ಹೋದರೆ ಇಂಡಿಯಾನಾಪೊಲಿಸ್, ಅಲ್ಲಿ ಪ್ರಪಂಚದಲ್ಲೇ ಅತಿ ದೊಡ್ಡದೆನಿಸಿದ ಮಕ್ಕಳ ಮ್ಯೂಸಿಯಂ. ಅಲ್ಲಿ ಗೋಡೆ ಒಡೆದುಕೊಂಡು ಡೈನೋಸಾರು ಬೀದಿಗೆ ಬರುತ್ತಿರುತ್ತದೆ. ನಾವು ಚಂದಾ ಕೇಳಲು ಯಾವ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ, "ನಿಮ್ಮಲ್ಲಿ ಡೈನೋಸಾರ್ ಇದೆಯಾ?" ಬದನೆಕಾಯಿ ಇದೆ ಅಂತ ಹೇಳಿ ಎಷ್ಟು ಹುಟ್ಟೀತು?

ಹಾಗೆ ನೋಡಿದರೆ ಅವರದೂ ದೊಡ್ಡ ಆರಂಭವೇನಲ್ಲ. ಮಕ್ಕಳಿಗಾಗಿಯೇ ಒಂದು ಮ್ಯೂಸಿಯಂ ಅಂತ ಪ್ರಪಂಚದಲ್ಲಿ ಮೊದಲು ಶುರುವಾದದ್ದು 1899ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1924ರಲ್ಲಿ ಅದನ್ನು ನೋಡಿಬಂದ ಇಂಡಿಯಾನಾಪೊಲಿಸ್ಸಿನ ಮೇರಿ ಸ್ಟೀವರ್ಟ್ ಕೇರಿ ಎಂಬಾಕೆ ನಮ್ಮೂರಿಗೂ ಒಂದು ಬೇಕು ಅಂತ ಹಟ ಹಿಡಿದು, ಮರುವರ್ಷವೇ ಕುದುರೆಗಾಡಿ ನಿಲ್ಲಿಸುವ ಕೊಟ್ಟಿಗೆಯೊಂದರಲ್ಲಿ ಬಾಗಿಲು ತೆರೆಸಿಬಿಟ್ಟರು. ಆ ಮ್ಯೂಸಿಯಮ್ಮಿನ ಸ್ವಯಂಸೇವಕರ ಸಂಘ 1964ರಿಂದ ಅಕ್ಟೋಬರ್ ಬಂತೆಂದರೆ ದೆವ್ವದ ಮನೆ ಕಟ್ಟಿ ಟಿಕೆಟ್ ಮಾರುತ್ತದೆ. ಪುಕ್ಕಲು ಮಕ್ಕಳಿಗೆ ದೀಪ ಹಾಕಿದ ಹೊತ್ತು ಬೇರೆ, ಗಟ್ಟಿಗರಿಗೆ ಕತ್ತಲ ಹೊತ್ತು ಬೇರೆ. ಊರಿನ ಮರ್ಯಾದಸ್ಥರು ಮುಖಕ್ಕೆ ಹಸಿರು ಬಳಿದುಕೊಂಡು ಮಾಟಗಾತಿಯರಾಗಿ ಅರಚಿ ದುಡ್ಡು ಕೂಡಿಸುತ್ತಾರೆ. ದುಡ್ಡೆತ್ತುವ ವಿದ್ಯೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಕಂಡಿಲ್ಲ: ಹೆದರಿಸು, ಕಾಸು ತಗೋ.

ನಮ್ಮ ಕಮಿಟಿಗೆ ದೆವ್ವದ ಧೈರ್ಯವಿಲ್ಲ. ನಮ್ಮದು ಲಾರಿ. ಇಲ್ಲಿನ ಊರೂರಲ್ಲೂ ನಡೆಯುವ ಮೇಳವೊಂದಿದೆ: ಮೈದಾನದಲ್ಲಿ ಫೈರ್ ಇಂಜಿನ್, ಜೆಸಿಬಿ, ಕಾಂಕ್ರೀಟ್ ಲಾರಿ ಸಾಲಾಗಿ ನಿಲ್ಲಿಸಿ ಮಕ್ಕಳನ್ನು ಹತ್ತಲು ಬಿಡುವುದು. ಮೇಯರ್ ಬಂದು ಭಾಷಣ ಮಾಡಿದರೂ ಯಾರೂ ಅತ್ತ ತಿರುಗುವುದಿಲ್ಲ, ಕಸದ ಲಾರಿಯ ಡ್ರೈವರ್ ಇಳಿದರೆ ಜಯಘೋಷ. ಇಡೀ ದಿನ ಹಾರನ್ನು. ಸದ್ದು ಸಹಿಸಲಾಗದ ಮಕ್ಕಳಿಗೆಂದು ಬೆಳಿಗ್ಗೆ ಒಂದು ಗಂಟೆ ಹಾರನ್ ನಿಷೇಧವಿರುತ್ತದೆ. ಕಮಿಟಿಯವರೆಲ್ಲ ತಪ್ಪದೆ ಕೆಲಸಕ್ಕೆ ಬರುವುದು ಆ ಗಂಟೆಯಲ್ಲಿ.

ಡಿಸೆಂಬರ್ 31ರಂದು ಹೊಸ ವರ್ಷವನ್ನು ಮಧ್ಯಾಹ್ನ 12ಕ್ಕೇ ಬರಮಾಡಿಕೊಂಡು ಬಲೂನು ಉದುರಿಸಿ ಮಕ್ಕಳನ್ನು ಮಲಗಲು ಕಳಿಸುವ ಪದ್ಧತಿಯೂ ಇದೆ. ಇಲ್ಲಿ ಮಧ್ಯಾಹ್ನ 12 ಅಂದರೆ ನಮ್ಮ ಕಡೆ ರಾತ್ರಿ ಹತ್ತೂವರೆ. ಒಂದೂವರೆ ಗಂಟೆ ತಡೆದರೆ ಮಂಡ್ಯದ ಲೆಕ್ಕದಲ್ಲಾದರೂ ಅದು ಸಾಚಾ ಹೊಸ ವರ್ಷ ಆಗುತ್ತದೆ ಅಂತ ಸೂಚಿಸಿದೆ. ಎರಡು ವರ್ಷದ ಮಕ್ಕಳನ್ನು ನಿದ್ದೆಯ ಹೊತ್ತು ಮೀರಿಸಿ ಕೂರಿಸುವುದು ಯಾವ ದೇಶದ ಲೆಕ್ಕದಲ್ಲೂ ಆಗದ ಮಾತು ಅಂತ ತಾಯಂದಿರು ತಳ್ಳಿಹಾಕಿದರು.

ಇಟ್ಟಿಗೆಯ ವಿಷಯ ಹೇಳಲೇಬೇಕು. 100 ಡಾಲರ್ ಕೊಟ್ಟರೆ ಬಾಗಿಲ ಮುಂದಿನ ಇಟ್ಟಿಗೆಯ ಮೇಲೆ ದಾನಿಯ ಹೆಸರು ಕೆತ್ತಿಸುತ್ತೇವೆ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಅಪ್ಪನ ಜ್ಞಾಪಕಾರ್ಥ ಬರೆಸಿ ಅರ್ಧ ಬೆಳಕು ಮುಚ್ಚಿದ ಜನ ನಾವು, ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಆದರೆ ಒಂದು ಸಾಲಿಗೆ ಹದಿನಾಲ್ಕೇ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಊರಿನ ಹೆಸರು, ಅಪ್ಪನ ಹೆಸರು, ತನ್ನ ಹೆಸರು ಸೇರಿಸಿ ಬರೆಯುವ ಕನ್ನಡ ಕೂಟದ ಹಿರಿಯರೊಬ್ಬರು ಎರಡು ಇಟ್ಟಿಗೆ ಕೊಳ್ಳಬೇಕಾಯಿತು. ಕೂರಿಸಿದ ಮೇಸ್ತ್ರಿಗೆ ಗೊತ್ತಾಗದೆ ಮಧ್ಯೆ ಒಬ್ಬ ಪ್ಲಂಬರನ ಇಟ್ಟಿಗೆ ಸೇರಿಕೊಂಡಿದೆ. ಓದುತ್ತಾ ಹೋದರೆ ಹಿರಿಯರ ಅಪ್ಪನ ಹೆಸರು ಜಾನ್ಸನ್ ಅಂತಾಗುತ್ತದೆ.

ಇನ್ನು ಆ ದೊಡ್ಡ ಸಂಜೆ. ಮ್ಯೂಸಿಯಮ್ಮಿನ ಒಳಗೇ ದೀಪ ತಗ್ಗಿಸಿ ನಡೆಸುತ್ತೇವೆ. ಸೂಟು ಬೂಟಿನವರು ವೈನ್ ಗ್ಲಾಸ್ ಹಿಡಿದು ಮೊದಲ ಅರ್ಧ ಗಂಟೆ ಬಡ್ಡಿದರ ಮಾತಾಡುತ್ತಾರೆ. ಆಮೇಲೆ ಯಾರೋ ಒಬ್ಬರು ಯಾರೂ ನೋಡುತ್ತಿಲ್ಲ ಅಂದುಕೊಂಡು ನೀರಿನ ತೊಟ್ಟಿಯಲ್ಲಿ ಒಂದು ದೋಣಿ ಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಊರಿನ ವಕೀಲರು ತೋಳು ಮಡಚಿ ಅಣೆಕಟ್ಟು ಕಟ್ಟುತ್ತಾರೆ. ಬ್ಯಾಂಕ್ ಮ್ಯಾನೇಜರು ದಿನಸಿ ಅಂಗಡಿಯ ಗಲ್ಲಾದ ಮೇಲೆ ಕೂತು ಬದನೆಕಾಯಿಯನ್ನು ಸ್ಕ್ಯಾನರಿಗೆ ತೋರಿಸಿ 'ಕುಯ್ಯಿ' ಅನ್ನಿಸುತ್ತಾರೆ, ಸಾಲಿನಲ್ಲಿ ನಿಂತವರಿಗೆ ಬಿಟ್ಟುಕೊಡುವುದಿಲ್ಲ. ಒಂದು ಸಲ ಹೀಗೇ ಸರದಿಗಾಗಿ ಜಗಳವಾಗಿ ನಿರ್ದೇಶಕಿ ಬಂದು, ಹಗಲು ಮಕ್ಕಳಿಗೆ ಹೇಳುವ ಅದೇ ದನಿಯಲ್ಲಿ, "ಎಲ್ಲರಿಗೂ ಐದೈದು ನಿಮಿಷ" ಅಂದರು.

ಮಾರನೆಯ ದಿನ ರಸೀದಿ ಕಳಿಸಬೇಕು. 75 ಡಾಲರ್ ಮೀರಿದ ಟಿಕೆಟ್ಟಿಗೆ ಊಟ ಕೊಟ್ಟಿದ್ದರೆ ಆ ಊಟದ ಬೆಲೆಯನ್ನು ಬರೆದು ತಿಳಿಸಬೇಕೆಂದು ಇಲ್ಲಿನ ತೆರಿಗೆ ಕಾನೂನು. 150ರ ಟಿಕೆಟ್, 60ರ ಊಟ ಅಂದರೆ ದಾನವೆಂದು ತೋರಿಸಬಹುದಾದದ್ದು 90 ಮಾತ್ರ. ಕಳೆದ ಸಲ ನಮ್ಮ ಮಾವ ಊರಿಂದ ಬಂದು ನಮ್ಮ ಜೊತೆಗಿದ್ದರು. ನಾನು ಲಕೋಟೆ ಅಂಟಿಸುತ್ತಾ ಇದನ್ನು ವಿವರಿಸಿದರೆ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ಲ ಕಣವ್ವ, ಮನೆಗ್ ಕರ್ದು ಉಣ್ಣಾಕಿಕ್ಕಿ, ನೀನು ಇಷ್ಟ್ ತಿಂದೆ ಅಂತ ಚೀಟಿ ಕಳಿಸ್ತೀರಾ?"

ಮಾವನ ಕತೆಗೆ ಬಂದೆ, ಹಿಂದಿನ ಸಂಜೆಯದು. ಗೋಡೆಯುದ್ದಕ್ಕೂ ಮೇಜು ಹಾಕಿ ಊರವರು ದಾನ ಕೊಟ್ಟ ವಸ್ತುಗಳನ್ನು ಇಟ್ಟಿದ್ದೆವು: ಸಹಿ ಮಾಡಿದ ಬ್ಯಾಸ್ಕೆಟ್‌ಬಾಲ್, ಕೆರೆದಂಡೆಯ ಮನೆಯಲ್ಲಿ ಎರಡು ರಾತ್ರಿ, ಹಲ್ಲು ಬೆಳ್ಳಗಾಗಿಸುವ ಕೂಪನ್. ನನ್ನ ಲೆಕ್ಕಕ್ಕೆ 'ಎಂಟು ಜನರಿಗೆ ಭಾರತೀಯ ಮನೆಯೂಟ'. ಇದು ಸೈಲೆಂಟ್ ಆಕ್ಷನ್. ಪ್ರತಿಯೊಂದರ ಮುಂದೆ ಒಂದು ಹಾಳೆ, ದಾರ ಕಟ್ಟಿದ ಪೆನ್ನು. ಬೇಕಾದವರು ಮೊತ್ತ ಬರೆದು ಏನೂ ನಡೆದೇ ಇಲ್ಲವೆಂಬಂತೆ ಹೋಗುತ್ತಾರೆ, ಆಮೇಲೆ ಕಳ್ಳಹೆಜ್ಜೆಯಲ್ಲಿ ಬಂದು ತಮ್ಮ ಮೇಲೆ ಯಾರು ಬರೆದರೆಂದು ಇಣುಕುತ್ತಾರೆ.

ಮಾವ ಊರಿನ ಮಾರಿಗುಡಿಯಲ್ಲಿ ಹಬ್ಬ ಮುಗಿದ ಮೇಲೆ ದೇವರ ಸೀರೆ, ಹಾರ, ನಿಂಬೆಹಣ್ಣಿನ ಸವಾಲು ಕೂಗಿಸುವವರು. ಒಂದು ನಿಂಬೆಹಣ್ಣಿಗೆ ದಾಯಾದಿಗಳಿಬ್ಬರನ್ನು ಎತ್ತಿಕಟ್ಟಿ ಸಾವಿರಗಟ್ಟಲೆ ಏರಿಸಿದ ಖ್ಯಾತಿ. ಅವರು ಈ ಪಿಸುಗುಟ್ಟುವ ಹರಾಜನ್ನು ಕೈಕಟ್ಟಿ ನೋಡಿದರು. ಆಮೇಲೆ ನನ್ನ ಊಟದ ಹಾಳೆ ನೋಡಿದರು. ಅದರಲ್ಲಿ ಇದ್ದದ್ದು ಒಂದೇ ಮೊತ್ತ, 40 ಡಾಲರ್, ಬರೆದವನು ಅವರ ಮಗ.

"ಮನೆ ಊಟಕ್ಕೆ ಮನೆಯವ್ನೇ ಸವಾಲ್ ಹಾಕೋದಾ? ಮಾನ ಹೋಯ್ತು," ಅಂದವರೇ ಪಂಚೆ ಮೇಲೆತ್ತಿ ಕಟ್ಟಿ ಕೂಗಿದರು. "ಫಾರ್ಟಿ ಡಾಲರ್! ಫಾರ್ಟಿ ಡಾಲರ್ ಒಂದ್ ಸಲ!"

ಗುಳ್ಳೆ ಯಂತ್ರದ ಹತ್ತಿರ ಯಾರದೋ ಗ್ಲಾಸು ಬಿತ್ತು. ನಿರ್ದೇಶಕಿಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಪಾಪ, ಬ್ಯಾಂಕ್ ಮ್ಯಾನೇಜರು ಆ ಕಡೆಯಿಂದ ಹಾದುಹೋಗುತ್ತಿದ್ದರು. ಮಾವ ಅವರ ಕಡೆ ಕೈ ತೋರಿಸಿ, "ಉದ್ದನೆ ಸಾಹೇಬ್ರು ಫಿಫ್ಟಿ!" ಅಂದುಬಿಟ್ಟರು. ಎಲ್ಲರೂ ತಿರುಗಿ ನೋಡಿದರು. ಊರ ಮುಂದೆ ಇಲ್ಲವೆನ್ನಲು ಬಾರದೆ ಅವರು ತಲೆಯಾಡಿಸಿದರು. ಹಲ್ಲಿನ ಡಾಕ್ಟರಿಗೂ ಅವರಿಗೂ ಗಾಲ್ಫಿನಲ್ಲಿ ಏನೋ ಹಳೇ ಬಾಕಿ ಇತ್ತಂತೆ, ಡಾಕ್ಟರು ಅಲ್ಲಿಂದಲೇ ಅರವತ್ತು ಅಂದರು. ಮಾವನಿಗೆ ಗೊತ್ತಾಗಿಹೋಯಿತು: ದಾಯಾದಿಗಳು ಸಿಕ್ಕರು. ಆ ಮೇಲೆ ಅವರ ಇಂಗ್ಲಿಷು ಸಂಖ್ಯೆಗಳಿಗಷ್ಟೇ ಸೀಮಿತವಾಯಿತು, ಉಳಿದದ್ದೆಲ್ಲ ಮಂಡ್ಯ. ಯಾರಿಗೂ ಏನೂ ಅರ್ಥವಾಗದೆ ಉಳಿಯಲಿಲ್ಲ. ಊಟ 410 ಡಾಲರಿಗೆ ಹಲ್ಲಿನ ಡಾಕ್ಟರ ಪಾಲಾಯಿತು. ಮಾವ ಮುಂದಿನ ಮೇಜಿಗೆ ನಡೆದರು, ಗುಂಪೂ ಹಿಂದೆಯೇ ನಡೆಯಿತು. ನಿರ್ದೇಶಕಿ ಹಾಳೆ ಎತ್ತಿಕೊಂಡು ಮೊತ್ತ ಓದಿದರು, ಮುಖಕ್ಕೆ ಬಣ್ಣ ಬಂತು.

ಡಾಕ್ಟರು ಏಳು ಜನರನ್ನು ಕಟ್ಟಿಕೊಂಡು ಒಂದು ಭಾನುವಾರ ಊಟಕ್ಕೆ ಬಂದರು. ಬಟರ್ ಚಿಕನ್ ಇರುತ್ತದೆಂದು ಬಂದವರ ಮುಂದೆ ಮಾವ ಮುದ್ದೆ, ಬಸ್ಸಾರು ಇಡಿಸಿದರು. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಲ್ಲಿ ಹೊರಳಿಸಿ ನುಂಗಬೇಕು ಅಂತ ಮಾಡಿ ತೋರಿಸಿದರು. ಮೂವತ್ತು ವರ್ಷ ಜನರ ಹಲ್ಲು ನೆಟ್ಟಗೆ ಮಾಡಿ ಗಳಿಸಿದ ದುಡ್ಡಲ್ಲಿ 410 ಡಾಲರ್ ತೆತ್ತು, ಹಲ್ಲಿಗೆ ಕೆಲಸವೇ ಇಲ್ಲದ ಊಟವನ್ನು ಅವರು ಬಹಳ ಗೌರವದಿಂದ ನುಂಗಿದರು.

ಮಾವ ಊರಿಗೆ ಹೋಗಿಯಾಗಿದೆ. ಕಳೆದ ವಾರ ಕಮಿಟಿ ಸಭೆಯಲ್ಲಿ ಖಜಾಂಚಿ, ಮುಂದಿನ ವರ್ಷ ಅವರನ್ನು ಕರೆಸುವುದಾದರೆ ವಿಮಾನದ ಟಿಕೆಟ್ಟನ್ನು ಯಾವ ಖಾತೆಗೆ ಬರೆಯುವುದು ಅಂತ ಕೇಳಿದರು. ಸಭೆಯ ಮಧ್ಯೆಯೇ ಮಾವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಬರಲು ಒಪ್ಪಿದರು, ಒಂದು ಷರತ್ತು: "ತಮಟೆ ಇಲ್ದಿದ್ರೆ ಸವಾಲು ಕಳೆಕಟ್ಟಾಕಿಲ್ಲ ಕಣವ್ವ." ತಮಟೆ ಅಂದರೇನೆಂದು ನಿರ್ದೇಶಕಿ ಕೇಳಿ ತಿಳಿದುಕೊಂಡರು. ಸಭೆಯ ನಡಾವಳಿಯಲ್ಲಿ ಈಗ ಬರೆದಿದೆ: ತಮಟೆ, ಒಂದು, ದಾನಿಯನ್ನು ಹುಡುಕಬೇಕು. ಜವಾಬ್ದಾರಿಯ ಕಾಲಂನಲ್ಲಿ ನನ್ನ ಹೆಸರಿದೆ.