ವರಾಹಾಂಗ ದೀಪಿಕೆ

ಅಥ ಲಕ್ಷಣಂ. ಪ್ರಾಣಿಯ ಒಡಲಲ್ಲಿ ಹುಟ್ಟಿ ಬೆಳೆದ ಅಂಗ ಮನುಷ್ಯನ ಒಡಲೊಳಗೆ ಕೂತು ಹಳೆಯ ಕಸುಬನ್ನೇ ಮುಂದುವರಿಸಿದರೆ ಅದು ಪರಾಂಗ. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ ಎಂದು ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: 1960ರ ದಶಕದಿಂದಲೂ ಎದೆಯಲ್ಲಿ ಹಂದಿಯ ಕವಾಟ ಇಟ್ಟುಕೊಂಡು ಓಡಾಡುವವರಿದ್ದಾರಲ್ಲ? ಉತ್ತರ: ಆ ಕವಾಟವನ್ನು ರಾಸಾಯನಿಕದಲ್ಲಿ ಹದಮಾಡಿ ಜೀವಕೋಶಗಳನ್ನೆಲ್ಲ ಸಾಯಿಸಿರುತ್ತಾರೆ, ಅದು ಚಪ್ಪಲಿಯ ಚರ್ಮದ ಜಾತಿ. ಸತ್ತದ್ದರ ಬಗ್ಗೆ ನೀತಿಶಾಸ್ತ್ರ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ದಾನಿಗಳು ಎರಡು ಬಗೆ: ಹತ್ತಿರದವರು, ದೂರದವರು. ಹತ್ತಿರದವರೆಂದರೆ ವಾನರರು. 1963–64ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕೀತ್ ರೀಮ್ಟ್ಸ್‌ಮಾ 13 ರೋಗಿಗಳಿಗೆ ಚಿಂಪಾಂಜಿಯ ಮೂತ್ರಪಿಂಡ ಜೋಡಿಸಿದರು. ಅವರಲ್ಲಿ ಒಬ್ಬ ಶಿಕ್ಷಕಿ ಒಂಬತ್ತು ತಿಂಗಳು ಬದುಕಿ, ಕೆಲಸಕ್ಕೂ ಹೋದರು. 1984ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಲಿಯೊನಾರ್ಡ್ ಬೇಲಿ ‘ಬೇಬಿ ಫೇ’ ಎಂಬ ಹಸುಗೂಸಿಗೆ ಬಬೂನಿನ ಹೃದಯ ಇಟ್ಟರು. ಮೂರು ವಾರ ತುಂಬುವ ಹೊತ್ತಿಗೆ ಮಗು ತೀರಿಕೊಂಡಿತು. ಇನ್ನೂ ಹತ್ತಿರದ ಚಿಂಪಾಂಜಿ ಬಿಟ್ಟು ಬಬೂನ್ ಯಾಕೆ ಎಂದು ಕೇಳಿದ್ದಕ್ಕೆ, ವಿಕಾಸವಾದದಲ್ಲಿ ತಮಗೆ ನಂಬಿಕೆ ಸಾಲದು ಎಂಬರ್ಥದ ಉತ್ತರ ಕೊಟ್ಟರು ಬೇಲಿ. ವರ್ಗೀಕರಣ ಗ್ರಂಥಗಳ ಅಗತ್ಯ ಇಂಥಲ್ಲೇ ಗೊತ್ತಾಗುವುದು.

ತೊಡಕು ಇಷ್ಟೇ. ಒಡಲು ಬೇಡುವುದು ಹತ್ತಿರದ ನಂಟನನ್ನು, ಮನಸ್ಸಾಕ್ಷಿ ಬೇಡುವುದು ದೂರದವನನ್ನು. ಚಿಂಪಾಂಜಿಯ ಮುಖ ನೋಡಿ ಕತ್ತಿ ಎತ್ತಲು ಕೈ ಬಾರದು. ಹಂದಿಯಾದರೆ ಹೇಗೂ ತಿನ್ನುವವರಿದ್ದಾರೆ ಎಂಬ ಸಮಾಧಾನ. ಆದರೆ ಹಂದಿಯ ಜೀವಕೋಶದ ಮೇಲಿರುವ ಒಂದು ಬಗೆಯ ಸಕ್ಕರೆ ಕಂಡರೆ ನಮ್ಮ ರಕ್ತಕ್ಕೆ ಆಗದು. ಜೋಡಿಸಿದ ಅಂಗ ನೋಡನೋಡುತ್ತ ಕೆಟ್ಟುಹೋಗುತ್ತದೆ. ಪರಿಹಾರವಾಗಿ ಹಂದಿಯನ್ನೇ ತುಸು ಮನುಷ್ಯನನ್ನಾಗಿಸಿದರು. 2022ರ ಜನವರಿಯಲ್ಲಿ ಬಾಲ್ಟಿಮೋರಿನಲ್ಲಿ ಬಾರ್ಟ್ಲಿ ಗ್ರಿಫಿತ್ ಅವರ ತಂಡ ಒಬ್ಬ ರೋಗಿಗೆ ಜೋಡಿಸಲು ಹೃದಯ ತೆಗೆದ ಹಂದಿಯಲ್ಲಿ ನಾಲ್ಕು ಜೀನ್ ಅಡಗಿಸಿ, ಮನುಷ್ಯರ ಆರು ಜೀನ್ ಸೇರಿಸಲಾಗಿತ್ತು. ಎಷ್ಟನೆಯ ಜೀನಿಗೆ ಹಂದಿ ಹತ್ತಿರದವರ ಪಟ್ಟಿಗೆ ಬಡ್ತಿ ಪಡೆದು ಕತ್ತಿಯಿಂದ ಪಾರಾಗುತ್ತದೆ? ಆರಕ್ಕೆ ಆಗಲಿಲ್ಲ. 2024ರಲ್ಲಿ ಬಾಸ್ಟನ್ನಿಗೆ ಮೂತ್ರಪಿಂಡ ಕೊಟ್ಟ ಹಂದಿಗೆ 69 ತಿದ್ದುಪಡಿ (106 ಕಂಡ ನಮ್ಮ ಸಂವಿಧಾನ ಇನ್ನೂ ಮುಂದಿದೆ). ಅದರಲ್ಲಿ ಮನುಷ್ಯರ ಜೀನ್ ಏಳು. ಏಳಕ್ಕೂ ಆಗಲಿಲ್ಲ.

ವರಾಹಗಳಲ್ಲಿ ಒಳಭೇದಗಳುಂಟು. ಕಾಡುಹಂದಿ, ಊರಹಂದಿ, ಫಾರಂ ಹಂದಿ ಮೂರೂ ಅನರ್ಹ. ಅರ್ಹವಾದದ್ದು ಶುಚಿವರಾಹ: ತಾಯಿಯ ಹೊಟ್ಟೆ ಕೊಯ್ದು ಹೊರತೆಗೆದದ್ದು, ತಾಯಿಯಿಂದ ದೂರವಿಟ್ಟು, ಸೋಸಿದ ಗಾಳಿಯಲ್ಲಿ ಬೆಳೆಸಿದ್ದು. ರೋಗಿಗಿಂತ ಹೆಚ್ಚು ತಪಾಸಣೆ ಅದಕ್ಕೆ. ಕೆಸರು ಮಾತ್ರ ಇಲ್ಲ. ಹಂದಿಗೆ ಕೆಸರು ತಪ್ಪಿಸುವುದು ಹಿಂಸೆಯ ಯಾವ ಪ್ರಭೇದವೆಂದು ಮೀಮಾಂಸಕರು ಗಂಭೀರವಾಗಿ ಯೋಚಿಸಬೇಕು. ನನ್ನ ಮಟ್ಟಿಗೆ ಕತ್ತಿಗಿಂತ ಇದೇ ಹೆಚ್ಚು ಚುಚ್ಚುತ್ತದೆ.

ಸಮ್ಮತಿ ಪ್ರಕರಣ ಉದ್ದವಾದದ್ದು, ಏಕೆಂದರೆ ಸಮ್ಮತಿ ಕೊಟ್ಟವರು ಕಡಿಮೆ. ಹಂದಿಯನ್ನು ಯಾರೂ ಕೇಳಿಲ್ಲ; ದಕ್ಷನ ಮುಂಡಕ್ಕೆ ಆಡಿನ ತಲೆ ಕೂರಿಸುವಾಗಲೂ ಆಡನ್ನು ಕೇಳಿರಲಿಲ್ಲ. ಬೇಬಿ ಫೇ ಪರವಾಗಿ ಸಹಿ ಹೆತ್ತವರದು. 2021ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಮಾಂಟ್ಗೊಮರಿ ಹಂದಿಯ ಮೂತ್ರಪಿಂಡ ಜೋಡಿಸಿದ್ದು ಮಿದುಳು ಸತ್ತ ದೇಹಕ್ಕೆ, ಸಹಿ ಮನೆಯವರದು. ಬಾಲ್ಟಿಮೋರಿನ ರೋಗಿ ತಾವೇ ಒಪ್ಪಿದರು ನಿಜ. ಆದರೆ ಮನುಷ್ಯರ ಹೃದಯಕ್ಕೆ ಕಾಯುವ ಪಟ್ಟಿಯಲ್ಲಿ ಅವರಿಗೆ ಜಾಗವಿರಲಿಲ್ಲ. ಹಂದಿ, ಇಲ್ಲವೇ ಸಾವು. ಇದನ್ನು ‘ಸ್ವತಂತ್ರ ಸಮ್ಮತಿ’ ಎಂದು ಬರೆದುಕೊಳ್ಳುವುದು ರೂಢಿ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಅವರಿಗೆ ಹಂದಿಯ ಸೈಟೊಮೆಗಾಲೊ ವೈರಸ್ ಬಂದು ಸೇರಿತ್ತು: ಶುಚಿವರಾಹ ತಪಾಸಣೆಯ ಕಣ್ಣು ತಪ್ಪಿಸಿತ್ತು.

ಪ್ರಯೋಗಕ್ಕೆ ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆನ್ನುತ್ತದೆ ಹೆಲ್ಸಿಂಕಿ ಘೋಷಣೆ. ಪರಾಂಗಿಗೆ ಆ ದಾರಿ ಕಷ್ಟ. ಹಂದಿಯ ವೈರಸ್ಸು ಊರಿಗೆ ಹರಡದಿರಲೆಂದು ಬದುಕಿರುವಷ್ಟು ದಿನ ರಕ್ತ ಪರೀಕ್ಷೆಗೆ ಕೈ ಚಾಚಬೇಕು. ಮನೆಯವರ ಮೇಲೂ ಒಂದು ಕಣ್ಣು. ಬಸ್ಸಿನಲ್ಲಿ ಪಕ್ಕ ಕೂತವನೂ ಒಂದು ಲೆಕ್ಕದಲ್ಲಿ ಈ ಪ್ರಯೋಗದ ಪಾಲುದಾರ, ಅವನ ಸಹಿ ಯಾವ ಕಾಗದದ ಮೇಲೂ ಇಲ್ಲ.

ಮತಭೇದದ ಅಧ್ಯಾಯ ಚಿಕ್ಕದು: ಜೀವ ಉಳಿಯುವುದಾದರೆ ಹಂದಿಯೂ ಆಗಬಹುದೆಂದು ಯಹೂದಿ, ಮುಸ್ಲಿಂ ಪಂಡಿತರಲ್ಲಿ ಹಲವರು ಒಪ್ಪಿದ್ದಾರೆ. ಪೋರ್ಕ್ ತಿಂದು ತೇಗಿ ಹಂದಿಯ ಹಕ್ಕಿಗಾಗಿ ಮರುಗುವವರಿಗೆ ಪ್ರತ್ಯೇಕ ಗ್ರಂಥವೇ ಬೇಕು.

ಇನ್ನು ಅಪವಾದ. 1997ರ ಜನವರಿಯಲ್ಲಿ ಗುವಾಹಟಿ ಹತ್ತಿರದ ಸೋನಾಪುರದಲ್ಲಿ ಡಾ. ಧನಿರಾಮ್ ಬರುವಾ ಒಬ್ಬರಿಗೆ ಹಂದಿಯ ಹೃದಯ ಜೋಡಿಸಿದರು. ರೋಗಿ ಬದುಕಿದ್ದು ಒಂದು ವಾರ. ಬರುವಾ ಜೈಲಿನಲ್ಲಿದ್ದದ್ದು 40 ದಿನ, ಅದೂ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಡಿ. ಅಂಗ ಮಾನವರದ್ದೇ ಅಲ್ಲವಲ್ಲ ಎಂಬ ಅವ್ಯಾಪ್ತಿ ದೋಷವನ್ನು ವ್ಯಾಖ್ಯಾನಕಾರರು ಗಮನಿಸಲಿ. ಸೋನಾಪುರಕ್ಕೂ ಬಾಲ್ಟಿಮೋರಿಗೂ ಇರುವ ಭೇದಗಳಲ್ಲಿ ಎರಡು ಮುಖ್ಯ: ಹತ್ತು ಜೀನುಗಳ ತಿದ್ದುಪಡಿ, ಮತ್ತು 2021ರ ಡಿಸೆಂಬರ್ 31ರಂದು ಅಮೆರಿಕದ ಎಫ್‌ಡಿಎ ಕೊಟ್ಟ ಅನುಮತಿ ಪತ್ರ. ರೋಗಿಯ ಆಯುಸ್ಸಿನಲ್ಲಿ ವ್ಯತ್ಯಾಸ ತಂದದ್ದು ಮೊದಲನೆಯದು, ವೈದ್ಯರ ವಿಳಾಸದಲ್ಲಿ ವ್ಯತ್ಯಾಸ ತಂದದ್ದು ಎರಡನೆಯದು.